ಬೆಳಗಾದರೆ ಮರೆಯುವ ಮಾರ್ಜಿನ್ನು

ಟೈಪಿನಮ್ಮ ಕುರ್ಚಿಯಲ್ಲಿ ಕೂತಳು, ಕೂತವಳೇ ಬೈದಳು. ಕುರ್ಚಿ ಮತ್ತೆ ಕುಸಿದಿತ್ತು. ನಿನ್ನೆ ಮಧ್ಯಾಹ್ನ ಎದ್ದು ಹೋಗುವಾಗ ತನ್ನ ಎತ್ತರಕ್ಕೆ ಸರಿಯಾಗಿದ್ದದ್ದು ಈಗ ಮಂಡಿ ಎದೆಗೆ ತಗಲುವಷ್ಟು ಕೆಳಗಿಳಿದಿತ್ತು. ಸ್ಪ್ರಿಂಗು ಸತ್ತಿದೆ ಎಂದು ಅವಳು ಬಹಳ ಕಾಲದಿಂದ ನಂಬಿದ್ದಳು. ಸೀಟಿನಡಿಯ ಹಿಡಿ ಎಳೆದು ಮೇಲಕ್ಕೇರಿಸಿಕೊಂಡು, ಕಂಪ್ಯೂಟರಿನ ಗುಂಡಿ ಒತ್ತಿದಳು.

"ಇವತ್ತಾದ್ರೂ ಮರ್ಯಾದೆಯಾಗಿರು," ಎಂದಳು ಪರದೆಗೆ.

ಪರದೆ ಬೆಳಗಿತು. ಬಿಳಿ ಹಾಳೆ ತೆರೆದುಕೊಂಡಿತು. ಎಡಗಡೆ ಎರಡು ಇಂಚು ಖಾಲಿ ಇರಬೇಕಾದ ಕಡೆ ಒಂದು ಬೆರಳಗಲ ಜಾಗ. ಮೇಲೆ ಮೊಹರು ಒತ್ತಲು ಬಿಡಬೇಕಾದ ಜಾಗವೂ ಇಲ್ಲ. ಅಕ್ಷರದ ಗಾತ್ರ ಕೂಡ ಸಾಸಿವೆಯಷ್ಟು.

"ಬಂತಾ ನಿನ್ನ ಹಳೇ ಚಾಳಿ? ನಿನ್ನೆ ತಾನೇ ಹೇಳಿ ಹೋಗಿದೀನಲ್ಲ, ಮೂದೇವಿ. ಒಳ್ಳೇ ಮಾತಿಗೆ ಬಗ್ಗಲ್ವಾ ನೀನು?"

ಬಾಗಿಲಲ್ಲಿ ನಿಂತಿದ್ದ ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದ. ಮನೆ ಕೊಳ್ಳಲು ಬಂದವನು, ಪಾಪ, ಹೊಸ ಅಂಗಿ ಹಾಕಿಕೊಂಡು ಬಂದಿದ್ದ. "ಆಮೇಲೆ ಬರ್ಲಾ ಅಮ್ಮ?"

"ನಿಮಗಲ್ಲ ಅಂದಿದ್ದು. ಒಳಗೆ ಬನ್ನಿ, ಕೂತ್ಕೊಳ್ಳಿ."

ಅವಳು ಅಳತೆಗಳ ಕಿಟಕಿ ತೆರೆದಳು. ಎಡಕ್ಕೆ ಎರಡು, ಮೇಲೆ ಮೂರು, ಅಕ್ಷರ ದೊಡ್ಡದು. ಕೊನೆಯಲ್ಲಿ 'ಡೀಫಾಲ್ಟ್' ಎಂಬ ಗುಂಡಿ. ಇನ್ನು ಮುಂದೆ ತೆರೆಯುವ ಪ್ರತಿ ಹಾಳೆಯೂ ಹೀಗೇ ಬರಲಿ ಎಂದು ಕಂಪ್ಯೂಟರಿಗೆ ಹೇಳುವ ಗುಂಡಿ ಅದು. ಒತ್ತಿದಳು. ನಿಜವಾಗಿಯೂ ಬದಲಿಸಬೇಕೇ ಎಂದು ಅದು ಎಂದಿನಂತೆ ಬಲು ವಿನಯದಿಂದ ಕೇಳಿತು. ಆ ವಿನಯವೇ ಅವಳ ಮೈ ಉರಿಸುತ್ತಿದ್ದದ್ದು. ಕೇಳುವುದೇನೋ ಕೇಳುತ್ತದೆ, ಹೂಂ ಅಂದರೆ ತಲೆಯಾಡಿಸುತ್ತದೆ, ಮರುದಿನ ಬೆಳಗಾದರೆ ಯಾವುದೂ ನೆನಪಿಲ್ಲ.

"ನಮ್ಮನೆಯವರ ಥರಾನೇ," ಎಂದು ಗೊಣಗಿ 'ಹೌದು' ಒತ್ತಿದಳು.

ನೋಂದಣಿ ಕಚೇರಿಯ ಗೇಟಿನ ಎದುರು, ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಚಿಕ್ಕ ಅಂಗಡಿ ಅದು. ಕ್ರಯಪತ್ರ, ಬಾಡಿಗೆ ಕರಾರು, ಉಯಿಲು ಎಲ್ಲ ಅಲ್ಲೇ ಅಚ್ಚಾಗಿ ರಸ್ತೆ ದಾಟುತ್ತಿದ್ದವು. ಮಾವನವರು ಹಾಕಿದ ಅಂಗಡಿ. ಹೊಸದಾಗಿ ಮದುವೆಯಾಗಿ ಬಂದ ದೊಡ್ಡ ಸೊಸೆಗೆ ಅಡುಗೆಮನೆಗಿಂತ ಮೊದಲು ಅವರು ತೋರಿಸಿದ್ದು ಟೈಪ್‌ರೈಟರನ್ನು. ಕರಿ ಕಬ್ಬಿಣದ ಆ ಯಂತ್ರದ ಬೆನ್ನ ಮೇಲೆ ಎರಡು ಪುಟ್ಟ ತಡೆಗಳಿದ್ದವು, ಎಡಕ್ಕೊಂದು ಬಲಕ್ಕೊಂದು. ಅವನ್ನು ಒಮ್ಮೆ ಸರಿಸಿ ಕೂರಿಸಿದರೆ ಮುಗಿಯಿತು. ಯಾರಾದರೂ ಕೈಯಾರೆ ಸರಿಸುವವರೆಗೂ ಅವು ಅಲ್ಲೇ. ಅವಳ ಬೆರಳಿನಿಂದ ಹೊರಟ ಕಾಗದವನ್ನು ಕಚೇರಿಯ ಕಿಟಕಿಯಲ್ಲಿ ಅಳೆದು ನೋಡುವವರೇ ಇರಲಿಲ್ಲ. "ಟೈಪಿನಮ್ಮನ ಕಾಗದವಾ? ಇಟ್ಟು ಹೋಗಿ," ಅನ್ನುತ್ತಿದ್ದರು. ಆ ಹೆಸರು ಬೀದಿಗೆ ಅಂಟಿಕೊಂಡಿತು.

ಈಗ ಆ ಕಿಟಕಿಯಲ್ಲಿ ಸ್ಕೇಲಪ್ಪ ಕೂತಿದ್ದ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಬಂದ ಪ್ರತಿ ಹಾಳೆಯ ಎಡ ಅಂಚಿಗೆ ಉಕ್ಕಿನ ಸ್ಕೇಲು ಹಚ್ಚಿ ನೋಡುತ್ತಿದ್ದುದರಿಂದ ಅರ್ಜಿ ಬರೆಯುವವರೆಲ್ಲ ಸೇರಿ ಆ ಹೆಸರಿಟ್ಟಿದ್ದರು. ಕೆಟ್ಟ ಮನುಷ್ಯನಲ್ಲ. ಆದರೆ ಸ್ಕೇಲು ಹೇಳಿದ್ದನ್ನು ಬಿಟ್ಟು ಬೇರೆ ಯಾರು ಹೇಳಿದ್ದೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಕಳೆದ ವಾರ ಅವನು ಟೈಪಿನಮ್ಮನನ್ನೇ ಕರೆಸಿದ್ದ.

"ನೋಡಮ್ಮ, ನನಗೇನು ನಿಮ್ಮ ಮೇಲೆ ಹಗೆ ಇಲ್ಲ. ಇಲ್ಲಿ ತೂತು ಹಾಕಿ ದಾರ ಕಟ್ಟಬೇಕು. ಮಾರಿದವನ ಹೆಸರು ದಾರದಡಿ ಹೋದ್ರೆ ನಾಳೆ ಓದೋರ್ಯಾರು? ಈ ತಿಂಗಳಲ್ಲಿ ನಿಮ್ಮ ಅಂಗಡಿಯಿಂದ ಇಂಥವು ಎಷ್ಟು ಬಂದ್ವು ಗೊತ್ತಾ?"

"ಬೆಳಿಗ್ಗೆ ಅವಸರದಲ್ಲಿ... ಆ ಕಂಪ್ಯೂಟರು ತಾನಾಗೇ ಬದಲಾಗ್ತಿದೆ ಸ್ವಾಮಿ."

"ಕಂಪ್ಯೂಟರ್ ನನಗೆ ಗೊತ್ತಿಲ್ಲ, ಕಾಗದ ಗೊತ್ತು. ಇನ್ನೊಂದು ಸಲ ಹೀಗೆ ಬಂದ್ರೆ ನಿಮ್ಮ ಅಂಗಡಿ ಕಾಗದ ಈ ಕಿಟಕಿ ಒಳಗೆ ಬರಲ್ಲ. ಮೇಲಿನವರಿಗೂ ಹೇಳಾಗಿದೆ."

ಆ ಕಿಟಕಿ ಮುಚ್ಚಿತೆಂದರೆ ಅಂಗಡಿಯೂ ಮುಚ್ಚಿದಂತೆಯೇ. ರಸ್ತೆ ದಾಟಿ ವಾಪಸು ಬರುವಷ್ಟರಲ್ಲಿ ಟೈಪಿನಮ್ಮನಿಗೆ ನಾಚಿಕೆಯಿಂದ ಕಿವಿ ಕಾದಿದ್ದವು. ಕಲಿಯುವ ಕಾಲದಲ್ಲೂ ಮಾವನವರು ಅವಳ ಒಂದು ಹಾಳೆ ಹರಿದು ಹಾಕಿದವರಲ್ಲ.

ಹಾಗಂತ ಅವಳು ಕೈಕಟ್ಟಿ ಕೂತಿರಲಿಲ್ಲ. ಕಂಪ್ಯೂಟರ್ ರಿಪೇರಿಯವನನ್ನು ಕರೆದೂ ಕರೆದೂ ಫೋನಿನಲ್ಲಿ ಅವನ ಹೆಸರೇ ಮೊದಲು ಬರುವಂತಾಗಿತ್ತು. ಬೀದಿಯಲ್ಲಿ ಅವನನ್ನು ರೀಸ್ಟಾರ್ಟು ಎನ್ನುತ್ತಿದ್ದರು. ಏನೇ ಕೆಟ್ಟರೂ ಅವನ ಬಾಯಿಂದ ಮೊದಲು ಹೊರಡುವ ಮಾತು ಅದೇ. ಮೊದಲ ಸಲ ಬಂದಾಗ ಆರಿಸಿ ಹಚ್ಚಿದ. ಎರಡನೆಯ ಸಲ ವೈರಸ್ ಎಂದ. ಆಮೇಲೆ ಪ್ರಿಂಟರಿನ ಮೇಲೆ ಗೂಬೆ ಕೂರಿಸಿದ. ಒಮ್ಮೆಯಂತೂ ಟೈಪಿಂಗ್ ತಂತ್ರಾಂಶವನ್ನೇ ಬುಡಸಮೇತ ಕಿತ್ತು ಮತ್ತೆ ಹಾಕಿದ. ಪ್ರತಿ ಸಲವೂ ಅವಳೆದುರೇ ಅಳತೆ ಇಟ್ಟು, ಮುಚ್ಚಿ, ತೆರೆದು ತೋರಿಸುತ್ತಿದ್ದ. ಅವನೆದುರು ಅದು ಮದುಮಗಳ ಹಾಗೆ ತಲೆತಗ್ಗಿಸಿಕೊಂಡು ಹೇಳಿದಂತೆ ಕೇಳುತ್ತಿತ್ತು.

"ನೋಡಿ ಅಮ್ಮ, ನಿಂತಿದೆಯಲ್ಲ."

"ನೀನಿರೋವಾಗ ನಿಲ್ಲುತ್ತೆ ಕಣಪ್ಪ. ಹಾಗಾದ್ರೆ ಇಲ್ಲೇ ಹಾಸಿಗೆ ಹಾಕ್ಕೊಂಡು ಮಲಗು."

ಗಂಡನಿಗೆ ಹೇಳಿದರೆ ಅವನು ಊಟದ ತಟ್ಟೆಯಿಂದ ತಲೆ ಎತ್ತದೆ, "ಅದಕ್ಕೆ ನಿನ್ನ ಕಂಡ್ರೆ ಆಗಲ್ಲ ಅನ್ಸುತ್ತೆ," ಎಂದ.

"ರೀ, ನಿಮ್ಮನ್ನ ತಿದ್ದಿದೀನಿ. ಇದ್ಯಾವ ಲೆಕ್ಕ?"

"ಮೇಲಿನ ಮನೆಯವಳನ್ನ ಒಂದು ಮಾತು ಕೇಳು. ಅವಳಿಗೂ ಹಾಗೇ ಆಗ್ತಿದೆಯೋ ಏನೋ."

ಅವಳು ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟ ಸದ್ದಿನಲ್ಲೇ ಉತ್ತರವಿತ್ತು.

ಮೇಲಿನ ಮನೆಯವಳೆಂದರೆ ಅವಳ ವಾರಗಿತ್ತಿ, ಮೈದುನನ ಹೆಂಡತಿ. ಅದೇ ಅಂಗಡಿಯಲ್ಲಿ, ಅದೇ ಕಂಪ್ಯೂಟರಿನಲ್ಲಿ, ಮಧ್ಯಾಹ್ನದಿಂದ ಸಂಜೆಯವರೆಗೆ ಕೂರುವವಳು. ಬೀದಿಗೆ ಅವಳು ಚಿಕ್ಕ ಟೈಪಿನಮ್ಮ. ಇವರಿಬ್ಬರ ನಡುವೆ ಮಾತು ನಿಂತು ವರ್ಷಗಳಾಗಿದ್ದವು.

ಮೊದಲು ಹಾಗಿರಲಿಲ್ಲ. ಅಂಗಡಿಯಲ್ಲಿ ಎರಡು ಟೈಪ್‌ರೈಟರುಗಳಿದ್ದವು, ಪಕ್ಕಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಗಲುವಂತೆ. ಚಿಕ್ಕವಳ ಬೆರಳು ಹಿಡಿದು ಕೀಲಿಗಳ ಮೇಲೆ ಕೂರಿಸಿದವಳು ದೊಡ್ಡವಳೇ. ಕೀಲಿ ಸಿಕ್ಕಿಕೊಂಡರೆ ಇಬ್ಬರೂ ಸೇರಿ ಬೈಯುತ್ತಿದ್ದರು, ಅಕ್ಷರ ತಪ್ಪಿದರೆ ಇಬ್ಬರೂ ಸೇರಿ ನಗುತ್ತಿದ್ದರು. ಮಾವನವರು ಹೋದ ಮೇಲೆ, ದೊಡ್ಡವಳು ತಾಯಿಯ ಆರೈಕೆಗೆಂದು ತವರಿನಲ್ಲಿದ್ದ ಸಮಯದಲ್ಲಿ, ಎರಡು ಯಂತ್ರಗಳೂ ಗಾಡಿ ಹತ್ತಿ ಹೋದವು. ಅವುಗಳ ಜಾಗಕ್ಕೆ ಒಂದು ಕಂಪ್ಯೂಟರು ಬಂತು. ತಂದದ್ದು ಇಬ್ಬರ ಗಂಡಂದಿರು. ಆಸೆಪಟ್ಟವಳು ಚಿಕ್ಕವಳು. ಅಕ್ಕ ಬಂದು ನೋಡಿ ಖುಷಿಪಡಲಿ ಎಂದು ಪರದೆಗೆ ಕಸೂತಿ ಬಟ್ಟೆ ಹೊದಿಸಿ ಕಾದಿದ್ದಳು. ದೊಡ್ಡವಳು ಬಂದಳು, ಮೇಜನ್ನು ನೋಡಿದಳು. ತನ್ನ ಯಂತ್ರದ ಕಾಲುಗಳು ಒತ್ತಿ ಒತ್ತಿ ಮರದಲ್ಲಿ ಮೂಡಿದ್ದ ನಾಲ್ಕು ಗುಳಿಗಳನ್ನು ಬೆರಳಿನಿಂದ ಸವರಿದಳು.

"ನನ್ನನ್ನು ಒಂದು ಮಾತು ಕೇಳಬಹುದಿತ್ತು," ಎಂದಳು.

ಅದೇ ಕೊನೆಯ ಮಾತು. ಅಂದಿನಿಂದ ಬೆಳಗಿನ ಹೊತ್ತು ದೊಡ್ಡವಳದು, ಮಧ್ಯಾಹ್ನದ ಮೇಲೆ ಚಿಕ್ಕವಳದು. ಅಂಗಡಿಯ ಬೀಗದ ಕೈಯನ್ನು ಪಕ್ಕದ ಜೆರಾಕ್ಸ್ ಅಂಗಡಿಯ ಗೋಡೆಯ ಮೊಳೆಗೆ ನೇತುಹಾಕಿ ಒಬ್ಬಳು ಹೋಗುವಳು. ಅವಳು ರಸ್ತೆಯ ತಿರುವಿನಲ್ಲಿ ಮರೆಯಾದ ಮೇಲೆ ಇನ್ನೊಬ್ಬಳು ಬಂದು ಅದನ್ನು ತೆಗೆದುಕೊಳ್ಳುವಳು. ಹಾಳೆ ಮುಗಿದರೆ, ಶಾಯಿ ಮುಗಿದರೆ ಜೆರಾಕ್ಸಿನವನೇ ಹೇಳಬೇಕು. "ನಾನು ಅಂಗಡಿ ಇಟ್ಟಿದೀನೋ ಅಂಚೆ ಕಚೇರಿ ಇಟ್ಟಿದೀನೋ ನನಗೇ ತಿಳೀತಿಲ್ಲ," ಎಂದು ಅವನು ಬಂದವರೆದುರೆಲ್ಲ ಹೇಳಿಕೊಳ್ಳುತ್ತಿದ್ದ.

ಸ್ಕೇಲಪ್ಪನ ಎಚ್ಚರಿಕೆಯ ನಂತರ ಟೈಪಿನಮ್ಮ ರೀಸ್ಟಾರ್ಟನನ್ನು ಹಿಡಿದು ತಂದು ಕೂರಿಸಿದ್ದು ಆ ಹೊಸ ಅಂಗಿಯ ಗಿರಾಕಿ ಬಂದ ದಿನವೇ.

"ಇವತ್ತು ಆರಿಸಿ ಹಚ್ಚೋ ಮಾತು ಆಡಿದ್ರೆ ಕೀಬೋರ್ಡಲ್ಲೇ ಬಾರಿಸ್ತೀನಿ."

ಅವನು ತಲೆ ಕೆರೆದುಕೊಂಡ. "ಅಮ್ಮ, ಕೊನೇ ಅಸ್ತ್ರ ಒಂದಿದೆ. ಈ ಅಳತೆಗಳೆಲ್ಲ ಒಳಗೆ ಒಂದು ಟೆಂಪ್ಲೇಟ್ ಕಡತದಲ್ಲಿ ಇರ್ತವೆ. ಇಟ್ಟಿಗೆಗೆ ಅಚ್ಚು ಇರುತ್ತಲ್ಲ, ಹಾಗೆ. ಪ್ರತಿ ಹೊಸ ಹಾಳೆಯೂ ಆ ಅಚ್ಚಿಂದಾನೇ ಬರೋದು. ಆ ಅಚ್ಚಿಗೇ ಬೀಗ ಹಾಕಿಬಿಡ್ತೀನಿ. ಓದಬಹುದು, ತಿದ್ದಕ್ಕಾಗಲ್ಲ. ಆಮೇಲೆ ಯಾರಪ್ಪ ಬಂದ್ರೂ ನಿಮ್ಮ ಮಾರ್ಜಿನ್ ಅಲ್ಲಾಡಲ್ಲ."

"ಇಷ್ಟು ದಿನ ಆ ಅಸ್ತ್ರ ಎಲ್ಲಿ ಅಡಗಿಸಿಟ್ಟಿದ್ಯೋ?"

"ಕೊನೇದು ಅಂದ್ಮೇಲೆ ಕೊನೇಲೇ ತಾನೇ ಅಮ್ಮ."

ಬೀಗ ಬಿತ್ತು. ಅವಳು ಮುಚ್ಚಿ ತೆರೆದಳು. ಬೇಕೆಂದೇ ಮಾರ್ಜಿನ್ ಬದಲಿಸಿ ಡೀಫಾಲ್ಟ್ ಒತ್ತಿ ನೋಡಿದಳು. 'ಈ ಕಡತ ಓದಲು ಮಾತ್ರ' ಎಂದು ಅದು ಮುಖ ಗಂಟಿಕ್ಕಿತು. ಎಷ್ಟೋ ತಿಂಗಳ ಮೇಲೆ ಟೈಪಿನಮ್ಮ ನಕ್ಕಳು.

ಮಧ್ಯಾಹ್ನವಾಯಿತು. ಅಂಗಡಿಗೆ ಬೀಗ ಹಾಕಿ, ಕೀ ಮೊಳೆಗೆ ಸಿಕ್ಕಿಸಿದಳು. ಆದರೆ ಹೊಸ ಅಂಗಿಯವನ ಕ್ರಯಪತ್ರದ ಪ್ರತಿಗಳು ಇನ್ನೂ ಆಗಿರಲಿಲ್ಲ. ಜೆರಾಕ್ಸ್ ಯಂತ್ರದ ಹೊಟ್ಟೆಯಲ್ಲಿ ಹಾಳೆ ಸಿಕ್ಕಿಕೊಂಡು, ಜೆರಾಕ್ಸಿನವನು ಅದರ ಬಾಗಿಲು ತೆರೆದು ಮೊಣಕೈವರೆಗೆ ಕೈ ತೂರಿಸಿದ್ದ. ಕಾಗದ ಬಿಟ್ಟು ಹೋಗಲು ಮನಸ್ಸಾಗದೆ ಅವಳು ಯಂತ್ರದ ಹಿಂದಿನ ಸ್ಟೂಲಿನಲ್ಲಿ ಕೂತಳು.

ಆಗಲೇ ಚಿಕ್ಕವಳು ಬಂದದ್ದು. ಕುಳ್ಳಗೆ, ಲಗುಬಗೆಯ ನಡಿಗೆ. ಹಿಂದೆ ಒಬ್ಬ ನರ್ಸಮ್ಮ. ಯಂತ್ರದ ಹಿಂದೆ ಕೂತವಳನ್ನು ನೋಡದೆ ಮೊಳೆಯಿಂದ ಕೀ ತೆಗೆದುಕೊಂಡು ಹೋದಳು. ಜೆರಾಕ್ಸಿನವನು ಬಾಯಿ ತೆರೆದ. ಟೈಪಿನಮ್ಮ ಕಣ್ಣು ಬಿಟ್ಟಳು. ಅವನು ಬಾಯಿ ಮುಚ್ಚಿಕೊಂಡು ಮತ್ತೆ ಯಂತ್ರದೊಳಗೆ ಕೈ ಹಾಕಿದ.

ಎರಡು ಅಂಗಡಿಗಳ ನಡುವೆ ಇದ್ದದ್ದು ತೆಳು ಪ್ಲೈವುಡ್ ಹಲಗೆ. ಆ ಕಡೆ ಬಾಗಿಲು ತೆರೆದದ್ದು ಕೇಳಿಸಿತು. ಆಮೇಲೆ ಕುರ್ಚಿ ಉಸ್ಸೆಂದು ಕೆಳಗಿಳಿದ ಸದ್ದು. ಮತ್ತೆ, ಆ ದನಿ.

"ಬಂತಾ? ಬಂತಾ ನಿನ್ನ ಹಳೇ ಚಾಳಿ? ನಿನ್ನೆ ತಾನೇ ಹೇಳಿ ಹೋಗಿದೀನಲ್ಲ, ಮೂದೇವಿ. ಒಳ್ಳೇ ಮಾತಿಗೆ ಬಗ್ಗಲ್ವಾ ನೀನು?"

ಟೈಪಿನಮ್ಮನ ಬೆನ್ನು ನೆಟ್ಟಗಾಯಿತು. ಅಕ್ಷರ ಅಕ್ಷರವೂ ಅವಳದೇ ಬೈಗುಳ. ಕೀಲಿ ಸಿಕ್ಕಿಕೊಂಡ ದಿನಗಳಲ್ಲಿ ಅವಳೇ ಕಲಿಸಿದ್ದು.

"ಏನಾಯ್ತು ಮೇಡಂ?" ನರ್ಸಮ್ಮನ ದನಿ.

"ಏನಾಗ್ಬೇಕು? ನಿಮ್ಮ ಬಯೋಡೇಟಾ ಒಂದೇ ಪುಟದಲ್ಲಿ ಕೂರಬೇಕು ತಾನೇ? ಅದಕ್ಕೆ ಅಂತ ದಿನಾ ಮಾರ್ಜಿನ್ ಚಿಕ್ಕದು ಮಾಡಿ, ಡೀಫಾಲ್ಟ್ ಕೊಟ್ಟು ಹೋಗ್ತೀನಿ. ಮಾರನೇ ದಿನ ಬಂದು ನೋಡಿದ್ರೆ ಎಡಗಡೆ ಎತ್ತಿನ ಗಾಡಿ ಓಡಿಸೋವಷ್ಟು ಜಾಗ. ನಿಮ್ಮ ಸಹಿ ಒಂದೇ ಒಂದು ಮುಂದಿನ ಪುಟಕ್ಕೆ ಹೋಗಿ ಬೀಳುತ್ತೆ."

ಹಾಗಾದರೆ ಇವಳು! ಟೈಪಿನಮ್ಮನಿಗೆ ನೆತ್ತಿಗೇರಿತು. ಬೆಳಗಿಂದ ಬೆಳಗಿಗೆ ನಾನು ಕಟ್ಟಿದ್ದನ್ನು ಕೆಡವುತ್ತಿದ್ದವಳು ಇವಳೇ. ವೈರಸ್ಸಂತೆ, ಪ್ರಿಂಟರಂತೆ! ವೈರಸ್ಸು ದಿನಾ ನಮ್ಮ ಮನೆಯ ಮೆಟ್ಟಿಲು ಇಳಿದು ಬರುತ್ತಿತ್ತು. ಎದ್ದು ಹೋಗಿ ಜಾಡಿಸಬೇಕು ಎಂದು ಸ್ಟೂಲಿನಿಂದ ಅರ್ಧ ಎದ್ದಳು.

"ಬೆಳಿಗ್ಗೆ ಇನ್ನೊಬ್ರು ಕೂರ್ತಾರಲ್ಲ ಮೇಡಂ. ಅವರೇನಾದ್ರೂ ಬದಲಾಯಿಸಿರಬಹುದಾ?"

"ಯಾರು, ನಮ್ಮಕ್ಕನಾ? ಛೇ! ನಮ್ಮಕ್ಕ ಒಂದು ಸಲ ಮಾರ್ಜಿನ್ ಇಟ್ರೆ ಮುಗೀತು, ಮತ್ತೆ ಅದನ್ನ ಮುಟ್ಟೋರೇ ಅಲ್ಲ. ಇದು ಈ ಮೆಷೀನಿಂದೇ ಕೊಬ್ಬು."

ಅರ್ಧ ಎದ್ದವಳು ಅರ್ಧದಲ್ಲೇ ನಿಂತಳು.

ಆ ಕಡೆ ಕೀಲಿಗಳು ಟಕಟಕ ಎಂದವು. ಮತ್ತೆ ಬೈಗುಳ. ಅಳತೆ ಬದಲಿಸಿದರೂ ಇವತ್ತು ಡೀಫಾಲ್ಟ್ ಒಪ್ಪುತ್ತಿಲ್ಲ, ಓದಲು ಮಾತ್ರ ಅನ್ನುತ್ತಿದೆ. "ಓದಲು ಮಾತ್ರವಂತೆ! ನಾನೇನು ಇಲ್ಲಿ ಪುಸ್ತಕ ಓದಕ್ಕೆ ಬಂದಿದೀನಾ?" ಹೇಗೋ ಆ ಒಂದು ಹಾಳೆಗೆ ಮಾತ್ರ ಅಳತೆ ಸರಿಪಡಿಸಿ, ಪ್ರಿಂಟು ತೆಗೆದು ನರ್ಸಮ್ಮನನ್ನು ಕಳಿಸಿದಳು. ಆಮೇಲೆ ಫೋನು. "ರೀಸ್ಟಾರ್ಟಪ್ಪ, ಈಗಲೇ ಬಾ. ಇಷ್ಟು ದಿನ ಉಳಿಸ್ಕೋತಿರಲಿಲ್ಲ, ಈಗ ಕೇಳಿಸ್ಕೊಳ್ಳೋದನ್ನೂ ಬಿಟ್ಟಿದೆ. ಏನೋ ಬೀಗ ಬಿದ್ದಿದೆ, ಬಂದು ತೆಗೆದುಹೋಗು." ಫೋನಿಟ್ಟ ಮೇಲೆ ಮೂಗೆಳೆದುಕೊಂಡ ಸದ್ದು ಹಲಗೆಯಾಚೆಯಿಂದ ಬಂತು.

ಜೆರಾಕ್ಸಿನವನು ಪ್ರತಿಗಳನ್ನು ಜೋಡಿಸಿ ಟೈಪಿನಮ್ಮನ ಕೈಗಿಟ್ಟ. ಇನ್ನು ಅವಳಿಗೆ ಅಲ್ಲಿ ಕೆಲಸವಿರಲಿಲ್ಲ. ಎದ್ದು ಮನೆಗೆ ಹೋಗಬಹುದಿತ್ತು. ರೀಸ್ಟಾರ್ಟನಿಗೆ ಒಂದು ಫೋನು ಮಾಡಿ, ಬೀಗ ಮುಟ್ಟಿದರೆ ನೋಡು ಎಂದರೆ ಸಾಕು, ಗೆದ್ದಂತೆಯೇ. ಇಲ್ಲವೆಂದರೆ ಅವನು ಬೀಗ ತೆಗೆಯುತ್ತಾನೆ, ಚಿಕ್ಕವಳು ಮತ್ತೆ ಬದಲಿಸುತ್ತಾಳೆ, ಯಾವುದೋ ಅವಸರದ ಬೆಳಿಗ್ಗೆ ಸ್ಕೇಲಪ್ಪನ ಕಿಟಕಿ ಮುಚ್ಚುತ್ತದೆ. ಮುಟ್ಟಬೇಡ ಎನ್ನುವುದು ಸುಲಭ. ಆದರೆ ನಮ್ಮಕ್ಕ ಮುಟ್ಟೋರೇ ಅಲ್ಲ ಎಂದವಳ ಬೆನ್ನ ಹಿಂದೆ ನಿಂತು ಬೀಗ ಹಾಕಿಸುವುದು ಹೇಗೆ? ಎರಡು ಯಂತ್ರಗಳನ್ನು ತನಗೆ ಹೇಳದೆ ಗಾಡಿ ಹತ್ತಿಸಿದರೆಂದು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡವಳು, ಇಬ್ಬರೂ ಕೂರುವ ಯಂತ್ರಕ್ಕೆ ತಾನೊಬ್ಬಳೇ ಬೀಗ ಹಾಕಿಸಿ ಬೆಳಿಗ್ಗೆ ನಕ್ಕಿದ್ದಳು.

ಅವಳು ಹೊರಗೆ ಬಂದು ಪಕ್ಕದ ಬಾಗಿಲಲ್ಲಿ ನಿಂತಳು.

"ಎಡಗಡೆ ಎಷ್ಟು ಬೇಕು ನಿನಗೆ?"

ಚಿಕ್ಕವಳು ತಿರುಗಿದಳು. ಕುರ್ಚಿಯಿಂದ ಎದ್ದ ರಭಸಕ್ಕೆ ಮೌಸು ಮೇಜಿನಿಂದ ಜಾರಿ ತಂತಿಯಲ್ಲಿ ಜೋಲಾಡಿತು.

"ಮುಕ್ಕಾಲು ಇಂಚು, ಅಕ್ಕ."

"ನನಗೆ ಎರಡು. ದಾರ ಕಟ್ಟಬೇಕಲ್ಲ."

ಚಿಕ್ಕವಳು ಪರದೆ ನೋಡಿದಳು, ಅಕ್ಕನನ್ನು ನೋಡಿದಳು, ಮತ್ತೆ ಪರದೆ ನೋಡಿದಳು. ಅವಳ ಮುಖದ ಮೇಲೆ ಲೆಕ್ಕ ಕೂಡುತ್ತ ಬರುವುದು ಕಾಣುತ್ತಿತ್ತು. "ಹಾಗಾದ್ರೆ ನೀವು ದಿನಾ..."

"ಹೂಂ. ದಿನಾ."

"ನಾನೂ ದಿನಾ..."

"ಗೊತ್ತಾಯ್ತು ಬಿಡು ಈಗ."

"ಅಯ್ಯೋ ಅಕ್ಕ! ನಾನು ಇದನ್ನ ಏನೇನೆಲ್ಲ ಬೈದೆ. ಪಾಪ, ಅದು ಇಬ್ಬರು ಹೇಳಿದ್ದನ್ನೂ ಕೇಳ್ತಾನೇ ಇತ್ತು." ನಗು ಬಂದದ್ದನ್ನು ತಡೆಯಲು ಹೋಗಿ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ದನಿ ತಗ್ಗಿಸಿ, ಚೂರೇ ಚೂರು ಚುಚ್ಚುವಂತೆ, "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ," ಎಂದಳು.

ಟೈಪಿನಮ್ಮ ಆ ಮಾತನ್ನು ಗುರುತು ಹಿಡಿದಳು. ಮೇಜಿನ ಮೇಲೆ ಕೈಯೂರಿದಳು. ಕಂಪ್ಯೂಟರಿನ ಕೆಳಗೆ ಗುಳಿಗಳು ಇನ್ನೂ ಇದ್ದವು.

"ಕೇಳಬಹುದಿತ್ತು," ಎಂದಳು. "ನಾನೂ, ನೀನೂ."

ಅಷ್ಟರಲ್ಲಿ ರೀಸ್ಟಾರ್ಟು ಬಂದ. ಬಾಗಿಲಲ್ಲಿ ಇಬ್ಬರನ್ನೂ ಒಟ್ಟಿಗೆ ಕಂಡವನೇ, ಮನೆ ತಪ್ಪಿ ಬಂದವನ ಹಾಗೆ ಹಿಂದಕ್ಕೆ ಹೆಜ್ಜೆಯಿಟ್ಟ.

"ಎಲ್ಲಿಗೋ? ಬಾ ಇಲ್ಲಿ," ಎಂದಳು ದೊಡ್ಡವಳು. "ನಾನೂ ಕರೀತಿದ್ದೆ, ಇವಳೂ ಕರೀತಿದ್ಲು. ಒಂದು ದಿನವಾದ್ರೂ ಹೇಳಿದ್ಯಾ?"

"ಏನಂತ ಹೇಳಲಿ ಅಮ್ಮ? ಒಂದೇ ಅಂಗಡಿ, ಒಂದೇ ಕಂಪ್ಯೂಟರು, ಇಬ್ಬರದೂ ಅದೇ ಮಾತು, ಮಾರ್ಜಿನ್ ನಿಲ್ತಿಲ್ಲ ಅಂತ. ಇಬ್ಬರೂ ಹೇಳ್ತಿದಾರೆ ಅಂದ್ರೆ ಮೆಷೀನಿಂದೇ ತಪ್ಪು ಅಂದ್ಕೊಂಡೆ. ಎಷ್ಟು ಮಾರ್ಜಿನ್ ಅಂತ ನಾನ್ಯಾಕೆ ಕೇಳಲಿ?"

"ಇವನಿಗೆ ಒಂದು ರೀಸ್ಟಾರ್ಟ್ ಕೊಡಬೇಕು ಅಕ್ಕ," ಎಂದಳು ಚಿಕ್ಕವಳು.

ಅವನು ಗಡಿಬಿಡಿಯಲ್ಲಿ ಕೂತು ಬೀಗ ತೆಗೆದ. ಕ್ರಯಪತ್ರದ ಅಳತೆಗೆ ಒಂದು ಟೆಂಪ್ಲೇಟ್, ಬಯೋಡೇಟಾದ ಅಳತೆಗೆ ಇನ್ನೊಂದು ಮಾಡಿ, ಪರದೆಯ ಮೇಲೆ ಪಕ್ಕಪಕ್ಕದಲ್ಲಿ ಕೂರಿಸಿದ. ಯಾರು ಯಾವುದನ್ನು ಒತ್ತಿದರೆ ಅವರ ಹಾಳೆ, ಇನ್ನು ಡೀಫಾಲ್ಟ್ ಗುಂಡಿಯ ಗೊಡವೆಗೆ ಯಾರೂ ಹೋಗಬೇಕಿಲ್ಲ. ಹೆಸರೇನಿಡಲಿ ಎಂದು ಕೇಳಿದಾಗ ಚಿಕ್ಕವಳು ತಾನೇ ಬಗ್ಗಿ ಮೊದಲನೆಯದಕ್ಕೆ 'ಅಕ್ಕ' ಎಂದು ಟೈಪಿಸಿದಳು. ಎರಡನೆಯದಕ್ಕೆ ದೊಡ್ಡವಳು ಏನು ಹೇಳುತ್ತಾಳೋ ಎಂದು ಕಾದಳು.

"ಮೂದೇವಿ ಅಂತ ಇಡು," ಎಂದಳು ದೊಡ್ಡವಳು. ಹಲಗೆಯಾಚೆ ಜೆರಾಕ್ಸಿನವನು ನಕ್ಕದ್ದು ಸ್ಪಷ್ಟವಾಗಿ ಕೇಳಿಸಿತು.

ಹೊರಡುವಾಗ ದೊಡ್ಡವಳು ಏನೋ ಹೊಳೆದಂತಾಗಿ ತಿರುಗಿ ನಿಂತಳು. "ಈ ಕುರ್ಚಿ?"

ಚಿಕ್ಕವಳು ತಲೆ ತಗ್ಗಿಸಿದಳು.

"ಇದೂ ನೀನೇನಾ? ಸ್ಪ್ರಿಂಗು ಹೋಗಿದೆ ಅಂತ ನಾನು ಕುರ್ಚಿ ಮಾರಿದ ಅಂಗಡಿಗೆ ಹೋಗಿ ಆ ಮನುಷ್ಯನ ಜೊತೆ ಜಗಳ ಆಡಿ ಬಂದಿದೀನಿ ಕಣೇ!"

"ನನ್ನ ಕಾಲು ನೆಲಕ್ಕೆ ಎಟುಕಲ್ಲ ಅಕ್ಕ. ನಾನೂ ಅಂದ್ಕೊಂಡಿದ್ದೆ, ರಾತ್ರಿ ತಾನಾಗೇ ಮೇಲೇಳುತ್ತೆ ಅಂತ."

ಮರುದಿನ ಬೆಳಿಗ್ಗೆ ಟೈಪಿನಮ್ಮ 'ಅಕ್ಕ' ಎಂಬುದನ್ನು ಒತ್ತಿದಳು. ಎಡಕ್ಕೆ ಎರಡು ಇಂಚು, ಇಟ್ಟಂತೆ ಇತ್ತು. ಮೊದಲ ಕಾಗದ ರಸ್ತೆ ದಾಟಿತು. ಸ್ಕೇಲಪ್ಪ ಸ್ಕೇಲು ಹಚ್ಚಿದ, ಇನ್ನೊಮ್ಮೆ ಹಚ್ಚಿದ, ಒಳಗಿಟ್ಟುಕೊಂಡ. ಗಿರಾಕಿ ಬಂದು ಆ ಸುದ್ದಿ ಹೇಳಿದಾಗ ಅವಳು, "ಇನ್ನೇನು ಆರತಿ ಎತ್ತಲಾ ಅವನಿಗೆ?" ಎಂದಳು. ಆದರೆ ಆ ದಿನ ಗಿರಾಕಿಗಳ ಮೇಲೆ ಒಮ್ಮೆಯೂ ರೇಗಲಿಲ್ಲ.

ಜೆರಾಕ್ಸಿನವನ ನೆಮ್ಮದಿ ಮಾತ್ರ ಹೋಯಿತು. ಮೊದಲು ಮಾತು ಹೊತ್ತು ಸುಸ್ತಾಗುತ್ತಿದ್ದವನು ಈಗ ಕೇಳಿ ಸುಸ್ತಾದ. ಮಧ್ಯಾಹ್ನವಾದರೆ ಹಲಗೆಯಾಚೆ ಶುರು: ಹಾಳೆ ಮುಗಿಸಿ ಇಟ್ಟವರು ಯಾರು, ಚಹಾದ ಲೋಟ ಕೀಬೋರ್ಡಿನ ಪಕ್ಕ ಇಟ್ಟವರು ಯಾರು, ಅಷ್ಟೊಂದು ಜೋರಾಗಿ ಕೀಲಿ ಕುಟ್ಟಲು ಇದೇನು ಕಬ್ಬಿಣದ ಯಂತ್ರವೇ. ಮೊಳೆ ಮಾತ್ರ ಖಾಲಿಯಾಗಿತ್ತು. ಕೀ ಈಗ ಕೈಯಿಂದ ಕೈಗೇ ಹೋಗುತ್ತಿತ್ತು.

ಕುರ್ಚಿಗೆ ಮಾತ್ರ ಟೆಂಪ್ಲೇಟ್ ಮಾಡಿಕೊಡಲು ರೀಸ್ಟಾರ್ಟನಿಗೂ ಆಗಲಿಲ್ಲ. ಆದ್ದರಿಂದ ಮಧ್ಯಾಹ್ನ ಎದ್ದಾಗ ಟೈಪಿನಮ್ಮ ಬಾಗಿಲವರೆಗೆ ಹೋಗುತ್ತಾಳೆ, ನಿಲ್ಲುತ್ತಾಳೆ, ಹಿಂದಿರುಗಿ ಬರುತ್ತಾಳೆ. "ಇದನ್ನೂ ನಾನೇ ಮಾಡಬೇಕು, ಮಹಾರಾಣಿ ಕಾಲು ನೆಲಕ್ಕೆ ಎಟುಕಲ್ಲವಂತೆ," ಎಂದು ಬಯ್ದುಕೊಳ್ಳುತ್ತ ಸೀಟಿನಡಿಯ ಹಿಡಿ ಎಳೆದು, ಅಂಗೈಯಿಂದ ಸೀಟನ್ನು ಒತ್ತಿ, ಕುರ್ಚಿಯನ್ನು ಕೆಳಗಿಳಿಸಿ ಹೋಗುತ್ತಾಳೆ.